ಒಂದೇ ಹೊಟ್ಟೆಯಲ್ಲಿ ಬೆಳೆದ ಅವಳಿಗಳಲ್ಲಿ ಒಬ್ಬನಿಗೆ ಮಾತ್ರ ಆಟಿಸಂ ಯಾಕೆ?

ತುಮಕೂರಿನ ಅವಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ನನಗೆ ಮೂರೂವರೆ ವರ್ಷದ ಅವಳಿ ಗಂಡು ಮಕ್ಕಳು. ದೊಡ್ಡವನಿಗೆ ಆಟಿಸಂ ಇದೆ ಎಂದು ಹೋದ ತಿಂಗಳು ಹೇಳಿದರು. ಚಿಕ್ಕವನಿಗೆ ಮಾತು ಸ್ವಲ್ಪ ತಡ, ಆಟಿಸಂ ಇಲ್ಲ ಅಂದರು.

ಒಂದೇ ಹೊಟ್ಟೆ, ಒಂದೇ ಊಟ, ಒಂದೇ ಮಾತ್ರೆ, ಒಂದೇ ಮನೆ. ಹಾಗಾದರೆ ಒಬ್ಬನಿಗೆ ಮಾತ್ರ ಯಾಕೆ? ರಾತ್ರಿ ಮಲಗಿದರೆ ಇದೇ ಯೋಚನೆ. ನನ್ನ ಬಸುರಿನ ಒಂದೊಂದು ದಿನವನ್ನೂ ನೆನಪು ಮಾಡಿಕೊಳ್ಳುತ್ತಿದ್ದೇನೆ. ಐದನೇ ತಿಂಗಳಲ್ಲಿ ಜ್ವರ ಬಂದಿತ್ತು, ಪ್ಯಾರಾಸಿಟಮಾಲ್ ತಗೊಂಡಿದ್ದೆ. ಅದೇ ಸಮಯಕ್ಕೆ ಮನೆಗೆ ಬಣ್ಣ ಹೊಡೆಸಿದ್ದರು. 34ನೇ ವಾರಕ್ಕೆ ಸಿಸೇರಿಯನ್ ಆಯಿತು. ದೊಡ್ಡವನು 1.6 ಕೆಜಿ, ಚಿಕ್ಕವನು 2.1 ಕೆಜಿ. ದೊಡ್ಡವನನ್ನು ಹಸುಗೂಸುಗಳ ತೀವ್ರ ನಿಗಾ ಘಟಕ ಎನ್‌ಐಸಿಯುನಲ್ಲಿ ಇಟ್ಟಿದ್ದರು. ಗ್ರಹಣದ ದಿನ ಹೊರಗೆ ಬಂದಿದ್ದಳು, ಅದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ವಾಟ್ಸಾಪ್‌ನಲ್ಲಿ ಲಸಿಕೆಯಿಂದ ಅಂತ ಬರುತ್ತದೆ.

ಧೈರ್ಯ ಹೇಳುವವರು ಮನೆಯಲ್ಲೂ ಇದ್ದಾರೆ. ನನಗೆ ಬೇಕಿರುವುದು ನಿಜವಾಗಿ ಏನು ಗೊತ್ತಾಗಿದೆ ಎಂಬುದು. ತಿಳಿದವರು ದಯವಿಟ್ಟು ಹೇಳಿ.

ದಾವಣಗೆರೆಯಿಂದ, ಇಬ್ಬರು ಹೆಣ್ಣು ಮಕ್ಕಳ ತಾಯಿ

ಅಕ್ಕ, ನನಗೂ ಅವಳಿ. ಇಬ್ಬರಿಗೂ ಆಟಿಸಂ ಇದೆ. ಒಬ್ಬಳು ಪೂರ್ತಿ ವಾಕ್ಯ ಮಾತಾಡುತ್ತಾಳೆ, ಇನ್ನೊಬ್ಬಳು ಬೇಕಾದ್ದರ ಹತ್ತಿರ ನನ್ನ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ. ನೋಡುವುದಕ್ಕೆ ಮಾತ್ರ ಯಾರು ಯಾರು ಅಂತ ಗೊತ್ತಾಗದಷ್ಟು ಒಂದೇ ಥರ. ನಿಮ್ಮ ಪ್ರಶ್ನೆ ನನ್ನದೂ ಹೌದು. ಗ್ರಹಣದ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ. ಗ್ರಹಣ ಬಂದಾಗ ಊರಲ್ಲಿ ಎಷ್ಟೋ ಬಸುರಿಯರು ಇರುತ್ತಾರೆ ಅಲ್ವಾ?

ಮಕ್ಕಳ ವೈದ್ಯ, ಶಿವಮೊಗ್ಗ

ಅಮ್ಮ, ನೀವು ಹೇಳಿದ ಪಟ್ಟಿಯನ್ನೇ ಮತ್ತೆ ನೋಡಿ. ಜ್ವರ, ಮಾತ್ರೆ, ಬಣ್ಣ, ಗ್ರಹಣ. ಇವೆಲ್ಲ ಇಬ್ಬರಿಗೂ ಆದದ್ದು. ಇಬ್ಬರಿಗೂ ಸಮನಾಗಿ ತಟ್ಟಿದ ಒಂದು ಸಂಗತಿ, ಇಬ್ಬರ ನಡುವಿನ ವ್ಯತ್ಯಾಸಕ್ಕೆ ಒಂಟಿಯಾಗಿ ಕಾರಣ ಆಗಲಾರದು. ಅವಳಿಗಳ ಎಷ್ಟೋ ಅಧ್ಯಯನಗಳು ನಿಂತಿರುವುದು ಈ ತರ್ಕದ ಮೇಲೆ. ಹಾಗಾಗಿ ವ್ಯತ್ಯಾಸ ಇರುವುದು ಎಲ್ಲಿ ಎಂದು ಹುಡುಕಬೇಕು. ನಿಮ್ಮ ಮಕ್ಕಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಹುಟ್ಟಿದ ತೂಕ. ಅರ್ಧ ಕೆಜಿ ಅಂದರೆ ಕಡಿಮೆ ಅಲ್ಲ.

ಅದಕ್ಕೂ ಮೊದಲಿನ ಪ್ರಶ್ನೆ ಇನ್ನೊಂದಿದೆ. ಇವರು ಒಂದೇ ಅಂಡದಿಂದ ಆದ ತದ್ರೂಪಿ ಅವಳಿಗಳೋ, ಎರಡು ಅಂಡದ ಅವಳಿಗಳೋ? ಎರಡು ಅಂಡದವರು ಜೀನ್ ಲೆಕ್ಕದಲ್ಲಿ ಮಾಮೂಲಿ ಅಣ್ಣತಮ್ಮಂದಿರಷ್ಟೇ ಹತ್ತಿರ. ಅಣ್ಣನಿಗೆ ಇದ್ದದ್ದು ತಮ್ಮನಿಗೆ ಇರಲೇಬೇಕು ಅಂತ ಇಲ್ಲವಲ್ಲ. ನಿಮ್ಮ ಮೊದಲ ಮೂರು ತಿಂಗಳ ಸ್ಕ್ಯಾನ್ ರಿಪೋರ್ಟ್ ಇದ್ದರೆ ಅದರಲ್ಲಿ ಡಿಸಿಡಿಎ (ಇಬ್ಬರಿಗೂ ಬೇರೆ ಬೇರೆ ಮಾಸು) ಅಥವಾ ಎಂಸಿಡಿಎ (ಇಬ್ಬರಿಗೂ ಒಂದೇ ಮಾಸು) ಅಂತ ಬರೆದಿರುತ್ತಾರೆ. ಹುಡುಕಿ ಹೇಳಿ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಸಂಕಟಕ್ಕೆ ಇದರ ಸಂಬಂಧ ಇದೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದು ಆಟಿಸಂಗೆ ಒಂದು ರೂಪ ಕೊಟ್ಟರು. ಆಮೇಲೆ ಸುಮಾರು ಇಪ್ಪತ್ತು ವರ್ಷ, ತಾಯಿಗೆ ಮಗುವಿನ ಮೇಲೆ ಪ್ರೀತಿ ಸಾಲದೇ ಹೋದದ್ದಕ್ಕೆ ಹೀಗಾಗುತ್ತದೆ ಎಂಬ ಮಾತು ವೈದ್ಯರ ಬಾಯಲ್ಲೇ ಓಡಾಡಿತು. ಎಷ್ಟೋ ತಾಯಂದಿರು ಆ ಅಪವಾದ ಹೊತ್ತುಕೊಂಡೇ ಬದುಕಿದರು. 1977ರಲ್ಲಿ ಬ್ರಿಟನ್ನಿನಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಜೋಡಿ ಅವಳಿಗಳನ್ನು ನೋಡಿದರು. 11 ತದ್ರೂಪಿ ಜೋಡಿಗಳಲ್ಲಿ 4 ಜೋಡಿಯಲ್ಲಿ ಇಬ್ಬರಿಗೂ ಆಟಿಸಂ. ಎರಡು ಅಂಡದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಚಿಕ್ಕ ಅಧ್ಯಯನವೇ. ಆದರೆ ಪ್ರೀತಿ ಸಾಲದ ತಾಯಿ ಎಂಬ ಮಾತಿಗೆ ಬಿದ್ದ ದೊಡ್ಡ ಪೆಟ್ಟು ಅದು. ಒಬ್ಬಳೇ ತಾಯಿ ಇಬ್ಬರನ್ನೂ ಸಾಕಿದ್ದಾಳೆ, ಆದರೂ ತದ್ರೂಪಿಗಳಲ್ಲಿ ಒಂದು ಥರ, ಉಳಿದವರಲ್ಲಿ ಇನ್ನೊಂದು ಥರ.

ಅದೇ ಕೆಲಸವನ್ನು 1995ರಲ್ಲಿ ಇನ್ನಷ್ಟು ಜೋಡಿಗಳ ಮೇಲೆ ಮಾಡಿದಾಗ, ತದ್ರೂಪಿಗಳಲ್ಲಿ 60% ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಮಾತು, ಬೆರೆಯುವಿಕೆಯ ಸಣ್ಣ ತೊಂದರೆಗಳನ್ನೂ ಸೇರಿಸಿದರೆ 92%. ಹಾಗಾಗಿ ಜೀನ್ ಪಾತ್ರ ದೊಡ್ಡದು ಎಂಬುದರಲ್ಲಿ ಈಗ ಅನುಮಾನ ಇಲ್ಲ. ಗರ್ಭದ ವಾತಾವರಣದ ಪಾಲು ಎಷ್ಟು ಎಂಬುದರ ಮೇಲೆ ಮಾತ್ರ ಜಗಳ ಇದೆ.

ಸ್ಯಾನ್ ಹೊಸೆ ಕನ್ನಡಿಗ

ಡಾಕ್ಟರ್ ಹೇಳಿದ ಆ ಜಗಳ ಶುರುವಾದದ್ದು ನಾನಿರುವ ಕ್ಯಾಲಿಫೋರ್ನಿಯಾದಲ್ಲೇ. ನನ್ನ ಕೆಲಸ ಆರೋಗ್ಯ ಇಲಾಖೆಗಳ ಅಂಕಿಅಂಶ ನೋಡುವುದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಯೋಆಖಿಮ್ ಹಾಲ್‌ಮಾಯರ್ ತಂಡ 192 ಜೋಡಿ ಅವಳಿಗಳ ಅಧ್ಯಯನ ಪ್ರಕಟಿಸಿತು. 54 ತದ್ರೂಪಿ ಜೋಡಿ, 138 ಎರಡು ಅಂಡದ ಜೋಡಿ. ಎಲ್ಲರಿಗೂ ಆಶ್ಚರ್ಯ ಆದದ್ದು ಎರಡು ಅಂಡದವರ ಲೆಕ್ಕ. ಗಂಡು ಮಕ್ಕಳ ಜೋಡಿಯಲ್ಲಿ ಆಟಿಸಂ ವರ್ಣಪಟಲವನ್ನು (ಸೌಮ್ಯದಿಂದ ತೀವ್ರದವರೆಗಿನ ಎಲ್ಲ ರೂಪ) ಪೂರ್ತಿ ತೆಗೆದುಕೊಂಡರೆ, ತದ್ರೂಪಿಗಳಲ್ಲಿ ಇಬ್ಬರಿಗೂ ಇರುವ ಸಾಧ್ಯತೆ 77%, ಎರಡು ಅಂಡದವರಲ್ಲಿ 31%. ಈ 31% ಬಹಳ ಜಾಸ್ತಿ. ಬೇರೆ ಬೇರೆ ವರ್ಷ ಹುಟ್ಟಿದ ಒಡಹುಟ್ಟಿದವರಲ್ಲಿ ಇದು 20%ದ ಹತ್ತಿರ. ಜೀನ್ ಅಷ್ಟೇ ಹಂಚಿಕೊಂಡಿದ್ದರೂ ಅವಳಿಗಳಲ್ಲಿ ಜಾಸ್ತಿ ಇದೆ ಎಂದರೆ, ಒಂದೇ ಸಮಯಕ್ಕೆ ಒಂದೇ ಗರ್ಭದಲ್ಲಿ ಇದ್ದದ್ದಕ್ಕೆ ಏನೋ ಪಾಲಿದೆ ಅಂತ ತಾನೆ? ಅವರ ಲೆಕ್ಕದಲ್ಲಿ ಜೀನ್ ಪಾಲು 37%, ಹಂಚಿಕೊಂಡ ವಾತಾವರಣದ ಪಾಲು 55%. ಇಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಯಿತು.

ಆದರೆ ಆ ಅಂಕಿಗಳ ಪಕ್ಕದಲ್ಲೇ ಇನ್ನೆರಡು ಅಂಕಿಗಳಿದ್ದವು, ಸುದ್ದಿ ಬರೆದವರು ಅವನ್ನು ಹೇಳಲಿಲ್ಲ. ಜೀನ್ ಪಾಲು 8%ದಿಂದ 84%ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ವಾತಾವರಣದ್ದು 9%ದಿಂದ 81%ರ ನಡುವೆ. ಇಷ್ಟು ಅಗಲದ ಅಂದಾಜನ್ನು ಇಟ್ಟುಕೊಂಡು 55% ಎಂದು ಖಡಾಖಂಡಿತ ಹೇಳುವುದು ಸರಿಯಲ್ಲ. ಇನ್ನೊಂದು ತೊಡಕು, ಕರೆದವರಲ್ಲಿ ಒಪ್ಪಿ ಬಂದ ಕುಟುಂಬಗಳು ಕಡಿಮೆ. ಇಬ್ಬರಿಗೂ ಆಟಿಸಂ ಇರುವ ಮನೆಯವರು ಇಂಥ ಅಧ್ಯಯನಕ್ಕೆ ಹೆಚ್ಚು ಆಸಕ್ತಿಯಿಂದ ಬಂದಿರಬಹುದು. ಹಾಗೆ ಬಂದರೆ 31% ತಾನಾಗಿಯೇ ಏರುತ್ತದೆ.

ಯುರೋಪಿನವರ ಅನುಕೂಲ ಏನೆಂದರೆ, ಅಲ್ಲಿ ಇಡೀ ದೇಶದ ಮಕ್ಕಳ ದಾಖಲೆ ಇರುತ್ತದೆ, ಯಾರು ಬಂದರು ಯಾರು ಬರಲಿಲ್ಲ ಎಂಬ ಪ್ರಶ್ನೆಯೇ ಇಲ್ಲ. ಸ್ವೀಡನ್ನಿನ 20 ಲಕ್ಷ ಮಕ್ಕಳ ಲೆಕ್ಕ 2014ರಲ್ಲಿ ಬಂದಾಗ ಜೀನ್ ಪಾಲು 50% ಅಂದರು. ಅದೇ ತಂಡ 2017ರಲ್ಲಿ ಲೆಕ್ಕದ ರೀತಿ ಬದಲಿಸಿ ನೋಡಿದಾಗ 83% ಬಂತು. 2019ರಲ್ಲಿ ಡೆನ್ಮಾರ್ಕ್, ಫಿನ್‌ಲ್ಯಾಂಡ್, ಸ್ವೀಡನ್, ಇಸ್ರೇಲ್ ಮತ್ತು ಪಶ್ಚಿಮ ಆಸ್ಟ್ರೇಲಿಯಾ ಸೇರಿಸಿ ನೋಡಿದಾಗಲೂ ಸುಮಾರು 80%. ಒಂದೇ ದೇಶದ ಅದೇ ಮಕ್ಕಳ ಅಂಕಿ 50ರಿಂದ 83ಕ್ಕೆ ಹೋಯಿತು ಎಂದರೆ ಈ ಅಂಕಿಗಳನ್ನು ಎಷ್ಟು ಎಚ್ಚರದಿಂದ ಹಿಡಿಯಬೇಕು ನೋಡಿ.

ಇಬ್ಬರ ಅಪ್ಪ, ಹುಬ್ಬಳ್ಳಿ

ಸರ್, ಈ 80% ಜೀನ್ ಎಂಬ ಮಾತು ನಮ್ಮ ಮನೆಯಲ್ಲಿ ಬೆಂಕಿ ಹಚ್ಚಿದೆ ನೋಡ್ರಿ. ನಮ್ಮ ಕಡೆ ಯಾರಿಗೂ ಇಲ್ಲ, ನಿಮ್ಮ ಕಡೆಯಿಂದಲೇ ಬಂದದ್ದು ಅಂತ ನಮ್ಮ ತಾಯಿ ಹೆಂಡತಿಗೆ ಹೇಳಿದರು. ಅವಳು ಎರಡು ದಿನ ಊಟ ಬಿಟ್ಟಳು. ಜೀನ್ ಎಂದರೆ ಯಾರದಾದರೂ ಒಬ್ಬರ ಕಡೆಯದು ಆಗಲೇಬೇಕಲ್ಲ? ಇದಕ್ಕೆ ಏನು ಉತ್ತರ ಕೊಡಲಿ?

ಮಕ್ಕಳ ವೈದ್ಯ, ಶಿವಮೊಗ್ಗ

ಒಳ್ಳೆಯ ಪ್ರಶ್ನೆ. ಎರಡು ಮಾತು ನಿಮ್ಮ ತಾಯಿಗೆ ಹೇಳಿ.

ಮೊದಲನೆಯದು, ಜೀನ್‌ನಲ್ಲಿ ಇರುವುದೆಲ್ಲ ಅಪ್ಪ ಅಮ್ಮನಲ್ಲಿ ಇದ್ದದ್ದೇ ಅಲ್ಲ. ವೀರ್ಯ ಅಥವಾ ಅಂಡ ತಯಾರಾಗುವಾಗ ಹೊಸದಾಗಿ ಬದಲಾವಣೆ ಆಗುತ್ತದೆ. ಅಪ್ಪ ಅಮ್ಮನ ರಕ್ತ ಪರೀಕ್ಷೆ ಮಾಡಿದರೆ ಅದು ಸಿಗುವುದೇ ಇಲ್ಲ. ಒಂದೇ ಅಂಡ ಆಮೇಲೆ ಎರಡಾಗಿ ಒಡೆದರೆ ಇಬ್ಬರು ಮಕ್ಕಳಲ್ಲೂ ಆ ಬದಲಾವಣೆ ಇರುತ್ತದೆ. ಅವಳಿ ಅಧ್ಯಯನದಲ್ಲಿ ಅದು ಜೀನ್ ಲೆಕ್ಕಕ್ಕೇ ಹೋಗುತ್ತದೆ. ಆದರೆ ಅದು ಯಾರ ಮನೆತನದಿಂದಲೂ ಬಂದದ್ದಲ್ಲ. ಇಂಥ ಹೊಸ ಬದಲಾವಣೆಗಳು ತಂದೆಯ ವಯಸ್ಸಿನ ಜೊತೆ ಜಾಸ್ತಿ ಆಗುತ್ತವೆ, ತಾಯಿಯ ಕಡೆಯಿಂದ ಕಡಿಮೆ.

ಎರಡನೆಯದು, 80% ಎಂದರೆ ನಿಮ್ಮ ಮಗನ ಆಟಿಸಂನಲ್ಲಿ 80 ಪಾಲು ಜೀನ್, 20 ಪಾಲು ಬೇರೆ ಅಂತ ಅರ್ಥ ಅಲ್ಲ. ಒಂದು ದೇಶದ ಜನರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಜೀನ್ ವ್ಯತ್ಯಾಸಕ್ಕೆ ಸೇರಿದ್ದು ಎಷ್ಟು ಎಂಬ ಅಂದಾಜು ಅದು. ಒಂದು ಮಗುವನ್ನು ಮುಂದೆ ಕೂರಿಸಿಕೊಂಡು ಆ ಅಂಕಿಯಿಂದ ಏನನ್ನೂ ಹೇಳಲು ಬರುವುದಿಲ್ಲ.

ನಿಮ್ಮ ಹೆಂಡತಿಗೆ ನೀವೇ ಇದನ್ನು ಓದಿ ಹೇಳಿ. ಅವರು ನಿಮ್ಮ ಬಾಯಿಂದ ಕೇಳಬೇಕು.

ಹಾಸನದ ಓದುಗಿ

ಔಷಧಿಗಳ ಬಗ್ಗೆ ಯಾರೂ ಹೇಳಿಲ್ಲ. ನನಗೆ ಮೂರ್ಛೆ ರೋಗ ಇದೆ. ಮದುವೆಗೆ ಮುಂಚಿನಿಂದ ವಾಲ್‌ಪ್ರೋಯೇಟ್ ತಗೊಳ್ಳುತ್ತಿದ್ದೆ. ಮಕ್ಕಳ ಯೋಚನೆ ಮಾಡುವಾಗ ನರರೋಗ ತಜ್ಞರು ಅದನ್ನು ಬದಲಿಸಿದರು. ಆಗ ಯಾಕೆ ಎಂದು ಕೇಳಿದ್ದಕ್ಕೆ ಮಗುವಿನ ಬೆಳವಣಿಗೆಗೆ ಒಳ್ಳೆಯದಲ್ಲ ಅಂದಿದ್ದರು. ಅದಕ್ಕೂ ಆಟಿಸಂಗೂ ನಂಟು ಇದೆಯಾ?

ಮಕ್ಕಳ ವೈದ್ಯ, ಶಿವಮೊಗ್ಗ

ಇದೆ ತಂಗಿ. ಗರ್ಭದಲ್ಲಿ ತಟ್ಟುವ ಕಾರಣಗಳಲ್ಲಿ ಬಲವಾದ ಸಾಕ್ಷಿ ಇರುವುದೇ ಇದಕ್ಕೆ. ಡೆನ್ಮಾರ್ಕ್‌ನಲ್ಲಿ 1996ರಿಂದ 2006ರವರೆಗೆ ಹುಟ್ಟಿದ ಆರೂವರೆ ಲಕ್ಷ ಮಕ್ಕಳನ್ನು ನೋಡಿ 2013ರಲ್ಲಿ ವರದಿ ಮಾಡಿದರು. ಗರ್ಭದಲ್ಲಿದ್ದಾಗ ತಾಯಿ ವಾಲ್‌ಪ್ರೋಯೇಟ್ ತಗೊಂಡ 508 ಮಕ್ಕಳಲ್ಲಿ ಆಟಿಸಂ ವರ್ಣಪಟಲದ ಸಾಧ್ಯತೆ 4.42%. ಎಲ್ಲ ಮಕ್ಕಳನ್ನೂ ಸೇರಿಸಿದರೆ 1.53%. ಮೂರು ಪಟ್ಟಿನ ಹತ್ತಿರ. ಆದರೂ ನೋಡಿ, ಔಷಧಿ ತಗೊಂಡವರಲ್ಲಿಯೂ 95%ಕ್ಕಿಂತ ಹೆಚ್ಚು ಮಕ್ಕಳಿಗೆ ಆಟಿಸಂ ಇಲ್ಲ.

ಇದನ್ನು ಓದುವ ಯಾರಾದರೂ ಈಗ ಆ ಮಾತ್ರೆ ತಗೊಳ್ಳುತ್ತಿದ್ದರೆ, ದಯವಿಟ್ಟು ಇವತ್ತೇ ನಿಲ್ಲಿಸಬೇಡಿ. ಬಸುರಿಗೆ ದೊಡ್ಡ ಮೂರ್ಛೆ ಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಗರ್ಭ ಧರಿಸುವ ಮೊದಲೇ ನರರೋಗ ತಜ್ಞರ ಹತ್ತಿರ ಹೋಗಿ ಲ್ಯಾಮೋಟ್ರಿಜಿನ್, ಲೆವೆಟಿರಾಸೆಟಮ್‌ನಂಥ ಬೇರೆ ಔಷಧಿ ಹೊಂದುತ್ತದಾ ಎಂದು ಕೇಳಬೇಕು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಮೂರ್ಛೆ ರೋಗ ಇರುವ ಗರ್ಭಿಣಿಯರ ದಾಖಲೆಯನ್ನು 1998ರಿಂದ ಇಟ್ಟು ನೋಡುತ್ತಿದ್ದಾರೆ. ನಮ್ಮ ಕಡೆಯ ವೈದ್ಯರಿಗೂ ಅದರಿಂದ ಎಷ್ಟೋ ತಿಳಿದಿದೆ.

ಇನ್ನೊಂದು ಹಳೆಯ ಉದಾಹರಣೆ ಥ್ಯಾಲಿಡೊಮೈಡ್, ಬಸುರಿನ ವಾಂತಿಗೆ ಆಗ ಕೊಡುತ್ತಿದ್ದ ಮಾತ್ರೆ. ಸ್ವೀಡನ್ನಿನಲ್ಲಿ ಆ ಮಾತ್ರೆಯಿಂದ ಅಂಗವೈಕಲ್ಯ ಆದ 100 ಜನರನ್ನು 1994ರಲ್ಲಿ ನೋಡಿದಾಗ ಕನಿಷ್ಠ 4 ಜನರಿಗೆ ಆಟಿಸಂ ಇತ್ತು. ಅವರ ತಾಯಂದಿರು ಮಾತ್ರೆ ತಗೊಂಡದ್ದು ಗರ್ಭ ನಿಂತ 20ರಿಂದ 24ನೇ ದಿನಗಳ ಆಸುಪಾಸಿನಲ್ಲಿ. ಮುಟ್ಟು ನಿಂತಿದೆ ಎಂದು ಎಷ್ಟೋ ಹೆಂಗಸರಿಗೆ ಆಗ ತಾನೆ ಗೊತ್ತಾಗುವ ಸಮಯ ಅದು. ಬೀಜ ಅಷ್ಟು ಬೇಗ ಬಿದ್ದಿರಬಹುದು.

ಬೆಳ್ತಂಗಡಿಯವ

ನಮ್ಮ ತಾಲೂಕಿನ ಕಥೆ ನಿಮಗೆ ಗೊತ್ತಿರಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದರು. ಕೊಕ್ಕಡ, ಪಟ್ರಮೆ ಕಡೆ ಹೋದರೆ ಮನೆ ಮನೆಯಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದಾರೆ, ಈಗ ದೊಡ್ಡವರಾಗಿದ್ದಾರೆ. ನನ್ನ ಅಕ್ಕನ ಮಗ ಒಬ್ಬ. ಅವನಿಗೆ ಬುದ್ಧಿಮಾಂದ್ಯ ಅಂತ ಬರೆದಿದ್ದಾರೆ, ಆಟಿಸಂ ಅಂತ ಯಾರೂ ನೋಡಲೇ ಇಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಅಕ್ಕನಿಗೆ ಅರ್ಧ ವಯಸ್ಸು ಆಗಿತ್ತು. ವಾತಾವರಣ ಕಾರಣವಾ ಅಂತ ಕೇಳಿದರೆ ನಮ್ಮೂರಿನವರಿಗೆ ಅದು ಬರೀ ಚರ್ಚೆ ಅಲ್ಲ.

ಸ್ಯಾನ್ ಹೊಸೆ ಕನ್ನಡಿಗ

ನಿಮ್ಮ ಅಕ್ಕನ ನೋವು ಅರ್ಥ ಆಗುತ್ತದೆ. ನೀವು ಹೇಳಿದ ರಾಸಾಯನಿಕದ ಹೆಸರು ಇಲ್ಲಿಯ ಒಂದು ಅಧ್ಯಯನದಲ್ಲೂ ಬರುತ್ತದೆ. ಕ್ಯಾಲಿಫೋರ್ನಿಯಾದ ನಡುವಿನ ಕಣಿವೆಯಲ್ಲಿ ಮೈಲುಗಟ್ಟಲೆ ಹೊಲ ತೋಟ. ಇಲ್ಲಿ ಯಾವ ಹೊಲಕ್ಕೆ ಯಾವ ದಿನ ಎಷ್ಟು ಕೀಟನಾಶಕ ಹಾಕಿದರು ಎಂದು ರೈತರು ಸರ್ಕಾರಕ್ಕೆ ಬರೆದು ಕೊಡಬೇಕು. ಆ ದಾಖಲೆಯನ್ನೂ ಹುಟ್ಟಿದ ಮಕ್ಕಳ ದಾಖಲೆಯನ್ನೂ ಜೋಡಿಸಿ 2007ರಲ್ಲಿ ಒಂದು ವರದಿ ಬಂತು. ಗರ್ಭದ ಮೊದಲ ಎರಡು ಮೂರು ತಿಂಗಳಲ್ಲಿ ಎಂಡೋಸಲ್ಫಾನ್ ಮತ್ತು ಡೈಕೋಫಾಲ್ ಹೆಚ್ಚಾಗಿ ಸಿಂಪಡಿಸಿದ ಹೊಲಗಳ ಹತ್ತಿರ ಇದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಆರು ಪಟ್ಟು ಹತ್ತಿರ ಇತ್ತು. ಆದರೆ ಹಾಗೆ ಹತ್ತಿರ ಇದ್ದ ತಾಯಂದಿರು 29 ಜನ ಮಾತ್ರ. ಇಷ್ಟು ಸಣ್ಣ ಗುಂಪಿನಿಂದ ತೀರ್ಮಾನಕ್ಕೆ ಬರಲು ಆಗುವುದಿಲ್ಲ. 2019ರಲ್ಲಿ ಇದೇ ರಾಜ್ಯದ ಇನ್ನೂ ದೊಡ್ಡ ಅಧ್ಯಯನ ಬೇರೆ ಕೀಟನಾಶಕಗಳಿಗೂ ನಂಟು ತೋರಿಸಿತು, ಆದರೆ ಅಷ್ಟು ಪಟ್ಟು ಅಲ್ಲ.

ಹೊಗೆಯದ್ದೂ ಹೀಗೆಯೇ. 2015ರಲ್ಲಿ ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ, ಬಸುರಿನ ಕೊನೆಯ ಮೂರು ತಿಂಗಳಲ್ಲಿ ಗಾಳಿಯಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ದೂಳು ಜಾಸ್ತಿ ಇದ್ದ ಕಡೆ ವಾಸ ಮಾಡಿದವರ ಮಕ್ಕಳಲ್ಲಿ ಆಟಿಸಂ ಜಾಸ್ತಿ ಕಂಡಿತು. ಇವೆಲ್ಲ ನಂಟುಗಳು, ಕಾರಣ ಎಂದು ಸಾಬೀತಾದವಲ್ಲ.

ಅವಳಿಗಳ ವಿಷಯಕ್ಕೆ ಬಂದರೆ ಇಂಥ ಗಾಳಿ, ನೀರು ಇಬ್ಬರಿಗೂ ಒಂದೇ. ಇಬ್ಬರ ಸಾಧ್ಯತೆಯನ್ನೂ ಒಟ್ಟಿಗೆ ಏರಿಸಬಹುದು. ಎರಡು ಅಂಡದವರಾದರೆ ಒಬ್ಬನ ಜೀನ್ ಅದನ್ನು ತಡೆದುಕೊಳ್ಳಬಹುದು, ಇನ್ನೊಬ್ಬನದ್ದು ತಡೆಯದೆ ಇರಬಹುದು. ಆಗ ಜೀನ್ ಎಷ್ಟು, ವಾತಾವರಣ ಎಷ್ಟು ಎಂದು ಬೇರೆ ಬೇರೆ ಮಾಡುವುದೇ ಕಷ್ಟ.

ಮಂಡ್ಯ ಗೃಹಿಣಿ

ಲಸಿಕೆಯ ಬಗ್ಗೆ ಸ್ವಲ್ಪ ಹೇಳಿ. ನನ್ನ ಮಗುವಿಗೆ ಎಂಆರ್ (ದಡಾರ ಮತ್ತು ರುಬೆಲ್ಲಾ) ಲಸಿಕೆಯ ಎರಡನೇ ಡೋಸ್ ಹಾಕಿಸಬೇಕು. ಈ ಥರ ಸಂದೇಶ ನೋಡಿ ಹಿಂದೆ ಮುಂದೆ ನೋಡುತ್ತಿದ್ದೇನೆ.

ಮಕ್ಕಳ ವೈದ್ಯ, ಶಿವಮೊಗ್ಗ

ಹಾಕಿಸಿ. ಆ ಗಾಳಿಸುದ್ದಿ 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಬರೆದ 12 ಮಕ್ಕಳ ಲೇಖನದಿಂದ ಶುರುವಾಯಿತು. ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕ್‌ನ 6,57,461 ಮಕ್ಕಳ ಲೆಕ್ಕ ಬಂತು. ಲಸಿಕೆ ಹಾಕಿಸಿದವರಲ್ಲಿ ಆಟಿಸಂ ಜಾಸ್ತಿ ಇರಲಿಲ್ಲ. ಮನೆಯಲ್ಲಿ ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ ಮಕ್ಕಳಲ್ಲಿಯೂ ಜಾಸ್ತಿ ಇರಲಿಲ್ಲ.

ನಿಜ ಏನೆಂದರೆ, ಬಸುರಿಗೆ ರುಬೆಲ್ಲಾ ತಗುಲಿ ಮಗುವಿಗೆ ಬರುವ ಆಟಿಸಂ ಅನ್ನು ಆ ಲಸಿಕೆ ತಡೆಯುತ್ತದೆ. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹರಡಿತು. ನ್ಯೂಯಾರ್ಕ್‌ನ ಸ್ಟೆಲ್ಲಾ ಚೆಸ್ ಎಂಬ ವೈದ್ಯೆ, ಗರ್ಭದಲ್ಲೇ ಅದು ತಗುಲಿದ 243 ಮಕ್ಕಳನ್ನು ನೋಡಿದರು. ಅವರಲ್ಲಿ 18 ಮಕ್ಕಳಿಗೆ ಪೂರ್ತಿ ಅಥವಾ ಭಾಗಶಃ ಆಟಿಸಂ ಇತ್ತು. ಆ ಕಾಲಕ್ಕೆ ಹತ್ತು ಸಾವಿರದಲ್ಲಿ ನಾಲ್ಕೈದು ಮಕ್ಕಳಿಗೆ ಮಾತ್ರ ಆಟಿಸಂ ಇದೆ ಎಂಬ ಅಂದಾಜು ಇತ್ತು. ಹೋಲಿಸಿ ನೋಡಿ. ನಮ್ಮ ರಾಜ್ಯದಲ್ಲಿ ಎಂಆರ್ ಅಭಿಯಾನ 2017ರ ಫೆಬ್ರವರಿಯಲ್ಲಿ ನಡೆಯಿತು, ದೇಶದಲ್ಲೇ ಮೊದಲ ಹಂತ ಅದು. ಆಗ ಲಸಿಕೆ ಹಾಕಿಸಿಕೊಂಡ ಶಾಲೆಯ ಹುಡುಗಿಯರು ಈಗ ತಾಯಂದಿರಾಗುವ ವಯಸ್ಸಿಗೆ ಬರುತ್ತಿದ್ದಾರೆ. ಅವರ ಹೊಟ್ಟೆಯ ಮಕ್ಕಳಿಗೆ ಅದರ ರಕ್ಷಣೆ ಇದೆ.

ಮಂಡ್ಯ ಗೃಹಿಣಿ

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಈ ಗುರುವಾರ ಅಂಗನವಾಡಿಗೆ ಕರಕೊಂಡು ಹೋಗುತ್ತೇನೆ.

ತುಮಕೂರಿನ ಅವಳಿ ಅಮ್ಮ

ಎಲ್ಲರ ಉತ್ತರ ಓದಿ ಮನಸ್ಸಿಗೆ ಎಷ್ಟೋ ಹಗುರ ಆಯಿತು. ಜ್ವರ ಮತ್ತು ಪ್ಯಾರಾಸಿಟಮಾಲ್ ಬಗ್ಗೆ ಮಾತ್ರ ಹೇಳಿ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರೇ ಟಿವಿಯಲ್ಲಿ ಹೇಳಿದರಲ್ಲ, ಬಸುರಿಯರು ಆ ಮಾತ್ರೆ ತಗೋಬಾರದು ಅಂತ. ಅವತ್ತು ನನ್ನ ಎದೆ ಧಸಕ್ ಅಂತು.

ಸ್ಯಾನ್ ಹೊಸೆ ಕನ್ನಡಿಗ

ಅವರು ಹೇಳಿದ್ದಕ್ಕೆ ಇಲ್ಲಿನ ಪ್ರಸೂತಿ ವೈದ್ಯರ ಸಂಘವೇ ಮರುದಿನದೊಳಗೆ ಒಪ್ಪಲಿಲ್ಲ. ಕಾರಣ ಇದೆ. 2024ರಲ್ಲಿ ಸ್ವೀಡನ್ನಿನ ಸುಮಾರು 24.8 ಲಕ್ಷ ಮಕ್ಕಳ ಅಧ್ಯಯನ ಬಂತು. ಸುಮ್ನೆ ಎಲ್ಲರನ್ನೂ ಹೋಲಿಸಿದಾಗ ಮಾತ್ರೆ ತಗೊಂಡವರ ಮಕ್ಕಳಲ್ಲಿ ಆಟಿಸಂ ಒಂದು ಚೂರು ಜಾಸ್ತಿ ಕಂಡಿತು. ಆಮೇಲೆ ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದರು. ಒಬ್ಬ ಮಗ ಹೊಟ್ಟೆಯಲ್ಲಿದ್ದಾಗ ತಗೊಂಡಿದ್ದಾಳೆ, ಇನ್ನೊಬ್ಬನಾಗ ತಗೊಂಡಿಲ್ಲ. ಹಾಗೆ ನೋಡಿದಾಗ ಆ ವ್ಯತ್ಯಾಸ ಮಾಯ ಆಯಿತು. ಮೊದಲು ಕಂಡದ್ದು ಮಾತ್ರೆಯದ್ದಲ್ಲ, ಆ ಮನೆಯ ಜೀನ್ ಅಥವಾ ಮಾತ್ರೆ ತಗೊಳ್ಳುವಂತೆ ಮಾಡಿದ ಕಾಯಿಲೆಯದ್ದು.

ಜ್ವರದ ವಿಷಯ ಬೇರೆ. ನಾರ್ವೆಯಲ್ಲಿ ಸುಮಾರು 95 ಸಾವಿರ ಮಕ್ಕಳನ್ನು ನೋಡಿದಾಗ, ನಾಲ್ಕರಿಂದ ಆರನೇ ತಿಂಗಳಲ್ಲಿ ತಾಯಿಗೆ ಜ್ವರ ಬಂದಿದ್ದರೆ ಸಾಧ್ಯತೆ 40% ಏರಿತ್ತು. 40% ಎಂದು ಓದಿ ಗಾಬರಿ ಆಗಬೇಡಿ. ನೂರರಲ್ಲಿ 1 ಇದ್ದದ್ದು 1.4 ಆಗುತ್ತದೆ, ಅಷ್ಟೇ. ಜ್ವರ ಬಂದಾಗ ಇಳಿಸಿಕೊಂಡದ್ದು ಸರಿಯಾದ ಕೆಲಸವೇ.

ವಾಕ್ ಚಿಕಿತ್ಸಕಿ, ಮೈಸೂರು

ಕಾರಣದ ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನಾನು ಚಿಕ್ಕವನ ಬಗ್ಗೆ ಒಂದು ಮಾತು ಹೇಳಬೇಕು.

ಅವಳಿಗಳಲ್ಲಿ ಮಾತು ತಡ ಆಗುವುದು ಸಾಮಾನ್ಯ. ಅದಕ್ಕೇ ಎಷ್ಟೋ ಮನೆಯಲ್ಲಿ ಅವಳಿ ಅಲ್ವಾ, ಬರುತ್ತೆ ಬಿಡಿ ಎಂದು ಕೂರುತ್ತಾರೆ. ಇನ್ನೊಂದು ತೊಂದರೆ, ಒಬ್ಬನಿಗೆ ಜಾಸ್ತಿ ತೊಂದರೆ ಇದ್ದಾಗ ಅವನ ಪಕ್ಕದಲ್ಲಿ ಇನ್ನೊಬ್ಬ ಚೆನ್ನಾಗಿಯೇ ಇದ್ದಾನೆ ಅನಿಸುತ್ತದೆ. ನನ್ನ ಹತ್ತಿರ ಬಂದ ಒಂದು ಜೋಡಿಯಲ್ಲಿ ಹೀಗೇ ಆಗಿತ್ತು. ಕಿಟಕಿಯ ಹೊರಗೆ ಹಸು ಬಂತು. ಒಬ್ಬ ನೋಡಲೇ ಇಲ್ಲ, ಗಾಡಿಯ ಚಕ್ರ ತಿರುಗಿಸುತ್ತಿದ್ದ. ಇನ್ನೊಬ್ಬ ಹಸುವನ್ನು ನೋಡಿ ಅಂಬಾ ಅಂದ. ಅಮ್ಮನಿಗೆ ಖುಷಿ ಆಯಿತು. ಆದರೆ ಅವನು ಅಂಬಾ ಅಂದದ್ದು ಕಿಟಕಿಗೆ, ಅಮ್ಮನಿಗಲ್ಲ. ಬೆರಳು ತೋರಿಸಲಿಲ್ಲ, ಅಮ್ಮ ನೋಡಿದಳಾ ಎಂದು ತಿರುಗಲಿಲ್ಲ. ಪದ ಇತ್ತು, ಹಂಚಿಕೊಳ್ಳುವುದು ಇರಲಿಲ್ಲ. ಅವನಿಗೂ ಆಮೇಲೆ ಸೌಮ್ಯ ಆಟಿಸಂ ಎಂದು ಗೊತ್ತಾಯಿತು.

ನಿಮ್ಮ ಚಿಕ್ಕವನು ಬೆರಳು ತೋರಿಸುತ್ತಾನಾ? ಹೆಸರು ಕರೆದರೆ ತಿರುಗುತ್ತಾನಾ? ಹೊಸದೇನಾದರೂ ಸಿಕ್ಕರೆ ತಂದು ತೋರಿಸುತ್ತಾನಾ? ಹೌದಾದರೆ ಒಳ್ಳೆಯದು. ಆದರೂ ಆರು ತಿಂಗಳು ಬಿಟ್ಟು ಮತ್ತೆ ಒಮ್ಮೆ ತೋರಿಸಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ ಮಕ್ಕಳ ಬೆಳವಣಿಗೆ ನೋಡುವ ಕೇಂದ್ರ ಇರುತ್ತದೆ, ಅಲ್ಲಿ ದುಡ್ಡು ತಗೊಳ್ಳುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಬರಬಹುದು, ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು.

ದಾವಣಗೆರೆಯಿಂದ, ಇಬ್ಬರು ಹೆಣ್ಣು ಮಕ್ಕಳ ತಾಯಿ

ನಮ್ಮವರು ತದ್ರೂಪಿ, ಜೀನ್ ಒಂದೇ. ಹಾಗಿದ್ದರೂ ಒಬ್ಬಳು ಮಾತಾಡುತ್ತಾಳೆ, ಇನ್ನೊಬ್ಬಳು ಇಲ್ಲ. ಅದಕ್ಕೆ ಏನಾದರೂ ಗೊತ್ತಾಗಿದೆಯಾ?

ಮಕ್ಕಳ ವೈದ್ಯ, ಶಿವಮೊಗ್ಗ

ಇದನ್ನೇ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಾನ್ ಕಾನ್‌ಸ್ಟಾಂಟಿನೋ ತಂಡ ನೋಡಿತು. ತದ್ರೂಪಿಗಳಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ 96% ಎಂದು ಅವರಿಗೆ ಕಂಡಿತು. ಆದರೆ ತೀವ್ರತೆ ಮಾತ್ರ ಇಬ್ಬರಲ್ಲೂ ತುಂಬಾ ಬೇರೆ ಬೇರೆ. ತೀವ್ರತೆಯ ವ್ಯತ್ಯಾಸದಲ್ಲಿ ಜೀನ್ ಪಾಲು 9% ಮಾತ್ರ ಎಂದು ಅವರ ಅಂದಾಜು. ಬರುವುದಕ್ಕೂ ಎಷ್ಟು ಗಾಢವಾಗಿ ಬರುತ್ತದೆ ಎಂಬುದಕ್ಕೂ ಕಾರಣಗಳು ಬೇರೆ ಇರಬಹುದು.

ತದ್ರೂಪಿಗಳಿಗೆ ಗರ್ಭವೂ ಪೂರ್ತಿ ಒಂದೇ ಅಲ್ಲ. ಸುಮಾರು ಮೂರರಲ್ಲಿ ಎರಡು ಜೋಡಿಗಳಿಗೆ ಒಂದೇ ಮಾಸು ಇರುತ್ತದೆ. ಅದರಲ್ಲಿ ಒಂದು ಮಗುವಿಗೆ ಹೆಚ್ಚು ರಕ್ತ, ಇನ್ನೊಂದಕ್ಕೆ ಕಡಿಮೆ ಹೋಗಬಹುದು. ಒಂದೇ ಮೋಟಾರಿನಿಂದ ಎರಡು ಗದ್ದೆಗೆ ನೀರು ಬಿಟ್ಟಾಗ ಎರಡಕ್ಕೂ ಸಮ ಹೋಗುತ್ತದೆ ಎಂದು ಹೇಳಲಾಗದಲ್ಲ, ಹಾಗೆ. ಬೇರೆ ಬೇರೆ ಮಾಸು ಇದ್ದರೂ ಹೊಕ್ಕುಳ ಬಳ್ಳಿ ಕೂತ ಜಾಗ ಬೇರೆ, ಹೆರಿಗೆಯಲ್ಲಿ ಮೊದಲು ಬಂದವನು ಬೇರೆ, ಉಸಿರಿಗೆ ಕಷ್ಟಪಟ್ಟವನು ಬೇರೆ.

ಇಲ್ಲಿಗೆ ತುಮಕೂರಿನ ಅಮ್ಮನ ಅರ್ಧ ಕೆಜಿ ವಿಷಯ ಬರುತ್ತದೆ. ಸ್ವೀಡನ್ನಿನ ಅವಳಿಗಳನ್ನು ನೋಡಿ 2012ರಲ್ಲಿ ಬರೆದಿದ್ದಾರೆ. ತೂಕದಲ್ಲಿ 400 ಗ್ರಾಂ ಅಥವಾ 15%ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದು, ಒಬ್ಬರಿಗೆ ಮಾತ್ರ ಆಟಿಸಂ ಇದ್ದ ಜೋಡಿಗಳಲ್ಲಿ, ಕಡಿಮೆ ತೂಕದವರಿಗೇ ಅದು ಇರುವ ಸಾಧ್ಯತೆ ಮೂರು ಪಟ್ಟಿಗಿಂತ ಜಾಸ್ತಿ. ಅಂಥ ಜೋಡಿಗಳು 34 ಮಾತ್ರ ಇದ್ದವು. ಆದ್ದರಿಂದ ಇದೇ ಕಾರಣ ಎಂದು ನಾನು ಹೇಳುವುದಿಲ್ಲ. ತೂಕ ಕಡಿಮೆ ಆದದ್ದಕ್ಕೂ ಆಟಿಸಂಗೂ ಮೂಲ ಬೇರೆಯೇ ಒಂದು ಇರಬಹುದು.

ಬೇಗ ಹುಟ್ಟಿದ್ದರ ಲೆಕ್ಕವೂ ಇದೆ. ಸ್ವೀಡನ್ನಿನಲ್ಲೇ 40 ಲಕ್ಷ ಮಕ್ಕಳನ್ನು ನೋಡಿದಾಗ, 22ರಿಂದ 27 ವಾರದಲ್ಲಿ ಹುಟ್ಟಿದವರಲ್ಲಿ 6.1%ಗೆ ಆಟಿಸಂ. 34ರಿಂದ 36 ವಾರದವರಲ್ಲಿ 1.9%. ದಿನ ತುಂಬಿ ಹುಟ್ಟಿದವರಲ್ಲಿ 1.4%. ನಿಮ್ಮದು 34 ವಾರ. ಏರಿಕೆ ಸಣ್ಣದು.

ಸ್ಯಾನ್ ಹೊಸೆ ಕನ್ನಡಿಗ

ಇದಕ್ಕೆ ಸೇರಿಸುತ್ತೇನೆ, ಹಾಲುಹಲ್ಲಿನ ಅಧ್ಯಯನ ನನಗೆ ತುಂಬಾ ಇಷ್ಟ. ನ್ಯೂಯಾರ್ಕ್‌ನ ಮನೀಶ್ ಅರೋರಾ ತಂಡ ಸ್ವೀಡನ್ನಿನ ಅವಳಿಗಳ ಬಿದ್ದ ಹಾಲುಹಲ್ಲು ತೆಗೆದುಕೊಂಡು 2017ರಲ್ಲಿ ವರದಿ ಮಾಡಿತು. ಹಲ್ಲು ಗರ್ಭದಲ್ಲಿದ್ದಾಗಲೇ ಪದರ ಪದರವಾಗಿ ಬೆಳೆಯುತ್ತದೆ. ಆ ಪದರಗಳನ್ನು ಲೇಸರ್‌ನಿಂದ ಕೆರೆದು ನೋಡಿದರೆ ಯಾವ ವಾರದಲ್ಲಿ ಮಗುವಿನ ದೇಹಕ್ಕೆ ಯಾವ ಲೋಹ ಎಷ್ಟು ಸೇರಿತು ಎಂದು ಗೊತ್ತಾಗುತ್ತದೆ. ಆಟಿಸಂ ಇದ್ದ ಮಗುವಿನ ಹಲ್ಲಿನಲ್ಲಿ ಸೀಸ ಜಾಸ್ತಿ, ಸತು ಮತ್ತು ಮ್ಯಾಂಗನೀಸ್ ಕಡಿಮೆ ಕಂಡಿತು. ಒಂದೇ ತಾಯಿ, ಒಂದೇ ನೀರು. ಆದರೂ ಇಬ್ಬರ ದೇಹ ಅದನ್ನು ಬೇರೆ ಬೇರೆ ರೀತಿ ಹೀರಿಕೊಂಡಿದೆ. ಜೋಡಿಗಳು ಕಡಿಮೆ, ಇನ್ನೂ ಕೆಲಸ ಆಗಬೇಕು. ಆದರೆ ಒಂದೇ ಹೊಟ್ಟೆ ಎಂದ ಮಾತ್ರಕ್ಕೆ ಒಂದೇ ವಾತಾವರಣ ಅಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ನನಗೂ ಆಟಿಸಂ ಇದೆ, ಬೆಂಗಳೂರು

ನನಗೆ 29 ವರ್ಷ. ಒಂದೇ ಕೋರಿಕೆ. ಈ ಮಾತುಗಳನ್ನು ಮಕ್ಕಳ ಎದುರಿಗೆ ಆಡಬೇಡಿ. ಮಾತು ಬರದ ಮಗುವಿಗೂ ಕಿವಿ ಕೇಳಿಸುತ್ತದೆ. ನಾನು ಚಿಕ್ಕವನಿದ್ದಾಗ ಅಡುಗೆಮನೆಯಲ್ಲಿ ಏನು ತಪ್ಪಾಯಿತು ಎಂದು ನಡೆದ ಮಾತು ನನಗೆ ಇವತ್ತಿಗೂ ನೆನಪಿದೆ. ಕಾರಣ ಹುಡುಕುವುದು ತಪ್ಪಲ್ಲ, ನನಗೂ ತಿಳಿದುಕೊಳ್ಳುವ ಆಸೆ ಇದೆ. ಆದರೆ ಆ ಹೊತ್ತಿನಲ್ಲಿ ನನಗೆ ಮಿಕ್ಸಿಯ ಸದ್ದು ತಡೆಯಲು ಆಗುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ.

ತುಮಕೂರಿನ ಅವಳಿ ಅಮ್ಮ

ತಮ್ಮಾ, ನೀನು ಹೇಳಿದ್ದು ಮನಸ್ಸಿಗೆ ನಾಟಿತು. ದೊಡ್ಡವನು ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ. ಇನ್ನು ಮೇಲೆ ಅವನು ಹೊರಗೆ ಆಡುವಾಗ ಕುಕ್ಕರ್ ಇಡುತ್ತೇನೆ.

ಡಾಕ್ಟ್ರೇ, ಸ್ಕ್ಯಾನ್ ರಿಪೋರ್ಟ್ ಸಿಕ್ಕಿತು. ಡಿಸಿಡಿಎ ಎಂದು ಬರೆದಿದೆ. ಹಾಗಾದರೆ ಎರಡು ಅಂಡದವರೇ?

ಮಕ್ಕಳ ವೈದ್ಯ, ಶಿವಮೊಗ್ಗ

ಅಷ್ಟರಿಂದಲೇ ಹೇಳಲು ಆಗುವುದಿಲ್ಲ ಅಮ್ಮ. ಎರಡು ಅಂಡದವರೆಲ್ಲ ಡಿಸಿಡಿಎ. ಆದರೆ ಒಂದೇ ಅಂಡ ಮೊದಲ ಮೂರು ದಿನದೊಳಗೆ ಒಡೆದರೂ ಡಿಸಿಡಿಎ ಆಗುತ್ತದೆ. ರಕ್ತದ ಗುಂಪು ಬೇರೆ ಇದ್ದರೆ ಎರಡು ಅಂಡದವರು. ಒಂದೇ ಇದ್ದರೆ ಕೆನ್ನೆಯ ಒಳಗಿಂದ ಸ್ವಾಬ್ ತೆಗೆದು ಡಿಎನ್‌ಎ ನೋಡಬೇಕು. ಸುಮ್ನೆ ಕುತೂಹಲಕ್ಕಾಗಿ ಮಾಡಿಸಬೇಡಿ. ಆಟಿಸಂ ಇರುವವನಿಗೆ ಜೀನ್ ಪರೀಕ್ಷೆ ಬೇಕು ಎಂದು ನಿಮ್ಮ ವೈದ್ಯರು ಹೇಳಿದರೆ ಆಗ ಒಟ್ಟಿಗೆ ಮಾಡಿಸಿ. ಅದರಲ್ಲಿ ಏನಾದರೂ ಸಿಕ್ಕರೆ ಚಿಕ್ಕವನಿಗೂ ಉಪಯೋಗ.

ತುಮಕೂರಿನ ಅವಳಿ ಅಮ್ಮ

ಸರಿ. ಕೊನೆಯದಾಗಿ ಒಂದು. ನನ್ನ ತಂಗಿಗೆ ಮದುವೆ ಆಗಿದೆ, ಮಗು ಬೇಕು ಅಂತಿದ್ದಾಳೆ. ನಮ್ಮ ಮನೆಯದ್ದು ನೋಡಿ ಹೆದರಿದ್ದಾಳೆ. ಅವಳಿಗೆ ಏನು ಹೇಳಲಿ?

ಮಕ್ಕಳ ವೈದ್ಯ, ಶಿವಮೊಗ್ಗ

ಹೆದರುವುದು ಬೇಡ ಎನ್ನಿ. ಸ್ಯಾನ್ ಹೊಸೆಯವರು ಹೇಳಿದ 20% ಒಂದೇ ತಂದೆ ತಾಯಿಯ ಮಕ್ಕಳದ್ದು. ಅಕ್ಕನ ಮಗುವಿಗೆ ಇದ್ದರೆ ತಂಗಿಯ ಮಗುವಿಗೆ ಬರುವ ಸಾಧ್ಯತೆ ಅದಕ್ಕಿಂತ ತುಂಬಾ ಕಡಿಮೆ.

ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಸಿಡ್ ಶುರು ಮಾಡಲಿ. ನಾರ್ವೆಯ 85,176 ಮಕ್ಕಳ ಲೆಕ್ಕ 2013ರಲ್ಲಿ ಬಂತು. ಗರ್ಭಕ್ಕೆ ನಾಲ್ಕು ವಾರ ಮುಂಚಿನಿಂದ ಎಂಟು ವಾರದವರೆಗೆ ತಗೊಂಡವರ ಮಕ್ಕಳಲ್ಲಿ ಆಟಿಸಂ 0.10%, ತಗೊಳ್ಳದವರಲ್ಲಿ 0.21%. ಅದರಿಂದಲೇ ಕಡಿಮೆ ಆಯಿತು ಎಂದು ಸಾಬೀತಾಗಿಲ್ಲ. ಆದರೆ ಬೆನ್ನುಹುರಿಯ ತೊಂದರೆ ತಡೆಯಲು ಅದು ಹೇಗೂ ಬೇಕೇ ಬೇಕು. ರುಬೆಲ್ಲಾ ಲಸಿಕೆ ಆಗಿದೆಯಾ ಎಂದು ನೋಡಿ. ಆಗಿಲ್ಲದಿದ್ದರೆ ಗರ್ಭಕ್ಕೆ ಮುಂಚೆಯೇ ಹಾಕಿಸಿ, ಒಂದು ತಿಂಗಳು ಕಾಯಲಿ. ಬಸುರಿಯಾದ ಮೇಲೆ ಆ ಲಸಿಕೆ ಹಾಕುವಂತಿಲ್ಲ. ಶುಗರ್ ಪರೀಕ್ಷೆ ತಪ್ಪಿಸಬಾರದು. ಯಾವುದಾದರೂ ಮಾತ್ರೆ ದಿನಾ ತಗೊಳ್ಳುತ್ತಿದ್ದರೆ ಅದರ ಚೀಟಿಯನ್ನು ಮೊದಲ ಸಲವೇ ವೈದ್ಯರಿಗೆ ತೋರಿಸಲಿ.

ತುಮಕೂರಿನ ಅವಳಿ ಅಮ್ಮ

ಅವಳಿಗೆ ಥೈರಾಯ್ಡ್ ಮಾತ್ರೆ ಇದೆ. ನಾಳೆಯೇ ಚೀಟಿ ತಗೊಂಡು ಹೋಗು ಎನ್ನುತ್ತೇನೆ.

ಮಕ್ಕಳ ವೈದ್ಯ, ಶಿವಮೊಗ್ಗ

ಥೈರಾಯ್ಡ್ ಮಾತ್ರೆ ಬಿಡಬಾರದು, ಅದು ಬಸುರಿನಲ್ಲಿ ಬೇಕು. ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಈಗಲೇ ಒಮ್ಮೆ ನೋಡಿಸಿ. ಗರ್ಭ ನಿಂತ ಕೂಡಲೇ ಮತ್ತೊಮ್ಮೆ ನೋಡಿಸಬೇಕು, ಡೋಸ್ ಹೆಚ್ಚು ಮಾಡಬೇಕಾಗಿ ಬರಬಹುದು.